ಮತದಾರನ ಹಕ್ಕು ಮತ್ತು ಅಧಿಕಾರಿಯ ಲೋಪ: ನ್ಯೂಯಾರ್ಕಿನ ೧೭೯೨ರ ಗವರ್ನರ್ ಚುನಾವಣೆ

ನಮ್ಮ ದೇಶದಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಆದುದರಿಂದ ‘ಗವರ್ನರನ ಚುನಾವಣೆ’ ಎಂಬ ಮಾತು ನಮ್ಮ ಕಿವಿಗೆ ಮೊದಲು ಸ್ವಲ್ಪ ವಿಚಿತ್ರವಾಗಿ ಕೇಳಿಸುವುದು ಸಹಜ. ಆದರೆ ನಮ್ಮ ರಾಜ್ಯಾಂಗವನ್ನು ರಚಿಸಿದ ಹಿರಿಯರೂ ಈ ವಿಚಾರವನ್ನು ಒಮ್ಮೆ ಗಂಭೀರವಾಗಿಯೇ ಪರ್ಯಾಲೋಚಿಸಿದ್ದರು. ಪ್ರಾಂತಗಳ ಗವರ್ನರರನ್ನು ವಯಸ್ಕ ಮತದಾನದಿಂದ ನೇರವಾಗಿ ಆರಿಸಬೇಕೆಂಬ ತತ್ತ್ವವನ್ನು ರಾಜ್ಯಾಂಗ ರಚನಾ ಸಭೆಯು ೧೯೪೭ರಲ್ಲಿ ಅಂಗೀಕರಿಸಿತ್ತು. ಜನರಿಂದ ಆಯ್ಕೆಯಾದ ಗವರ್ನರನಿಗೂ ಜನಪ್ರತಿನಿಧಿಗಳ ಬೆಂಬಲದಿಂದ ಆಳುವ ಮುಖ್ಯಮಂತ್ರಿಗೂ ಘರ್ಷಣೆ ಉಂಟಾಗಬಹುದೆಂಬ ಆಲೋಚನೆ ಬಲವಾಗಿ, ೧೯೪೯ರಲ್ಲಿ ಆ ತತ್ತ್ವವನ್ನು ಕೈಬಿಡಲಾಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಾಗಲ್ಲ. ಅಲ್ಲಿ ಮುಖ್ಯಮಂತ್ರಿಯೆಂಬ ಬೇರೊಬ್ಬನಿಲ್ಲ. ಸಂಸ್ಥಾನದ ಕಾರ್ಯಾಂಗಕ್ಕೆ ಗವರ್ನರನೇ ನಿಜವಾದ ಯಜಮಾನ. ಆದುದರಿಂದ ಆ ಪದವಿಯ ಚುನಾವಣೆ ಅಲ್ಲಿ ಆರಂಭದಿಂದಲೂ ತೀವ್ರವಾದ ಸ್ಪರ್ಧೆಯ ವಿಷಯವಾಗಿದೆ.

ಅಂಥ ಸ್ಪರ್ಧೆಗಳಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ೧೭೯೨ರಲ್ಲಿ ನಡೆದುದು ವಿಶೇಷವಾಗಿ ವಿಚಾರಾರ್ಹವಾದುದು. ಜನತಂತ್ರವೆಂದರೆ ಮತ ಹಾಕುವುದು ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಹಾಕಿದ ಮತವು ಪೆಟ್ಟಿಗೆಯಿಂದ ಎಣಿಕೆಯ ಮೇಜಿನವರೆಗೆ ಹೇಗೆ ಸಾಗುತ್ತದೆ, ದಾರಿಯಲ್ಲಿ ಅಧಿಕಾರಿಯು ತಪ್ಪಿದರೆ ಅದರ ಫಲವನ್ನು ಯಾರು ಅನುಭವಿಸಬೇಕು ಎಂಬ ಪ್ರಶ್ನೆಗಳು ಅಷ್ಟಾಗಿ ನಮ್ಮ ಮನಸ್ಸಿಗೆ ಬರುವುದಿಲ್ಲ. ಗಣರಾಜ್ಯವು ಇನ್ನೂ ಎಳೆಯದಾಗಿದ್ದ ಆ ದಿನಗಳಲ್ಲಿ ಈ ಪ್ರಶ್ನೆಗಳು ನ್ಯೂಯಾರ್ಕಿನ ಜನರ ಮುಂದೆ ಒಮ್ಮೆಲೇ ಬಂದು ನಿಂತವು.

೧

ನ್ಯೂಯಾರ್ಕಿನ ಮೊದಲನೆಯ ರಾಜ್ಯಾಂಗವು ಸ್ವಾತಂತ್ರ್ಯ ಯುದ್ಧದ ನಡುವೆಯೇ, ೧೭೭೭ರಲ್ಲಿ, ಸಿದ್ಧವಾಯಿತು. ಅದರ ಕರಡನ್ನು ರಚಿಸುವಲ್ಲಿ ಮುಖ್ಯವಾಗಿ ಶ್ರಮಿಸಿದವನು ಜಾನ್ ಜೇ ಎಂಬ ಯುವಕ ನ್ಯಾಯವಾದಿ. ಅದರ ಪ್ರಕಾರ ಗವರ್ನರನ ಅಧಿಕಾರಾವಧಿ ಮೂರು ವರ್ಷ. ಉಳಿದ ಅನೇಕ ಸಂಸ್ಥಾನಗಳಲ್ಲಿ ಶಾಸನಸಭೆಯೇ ಗವರ್ನರನನ್ನು ಆರಿಸುತ್ತಿದ್ದ ಆ ಕಾಲದಲ್ಲಿ ನ್ಯೂಯಾರ್ಕಿನ ಗವರ್ನರನನ್ನು ಮತದಾರರೇ ನೇರವಾಗಿ, ಚೀಟಿಯ ಮೂಲಕ ಆರಿಸುತ್ತಿದ್ದರು. ಆದರೆ ಮತದಾರರೆಂದರೆ ಎಲ್ಲ ಜನರೂ ಅಲ್ಲ. ಸಾಲವನ್ನು ಕಳೆದು ನೂರು ಪೌಂಡು ಬೆಲೆ ಬಾಳುವ ಸ್ವಂತ ಭೂಮಿಯುಳ್ಳವನಿಗೆ ಮಾತ್ರ ಗವರ್ನರನ ಚುನಾವಣೆಯಲ್ಲಿ ಮತವಿತ್ತು. ೧೭೯೦ರ ಜನಗಣತಿಯಂತೆ ಸಂಸ್ಥಾನದ ಜನಸಂಖ್ಯೆ ೩,೪೦,೧೨೦. ಅವರಲ್ಲಿ ೨೧,೦೦೦ಕ್ಕೂ ಹೆಚ್ಚು ಮಂದಿ ಗುಲಾಮರು. ೧೭೯೨ರಲ್ಲಿ ಎಣಿಕೆಗೆ ಸೇರಿದ ಮತಗಳಾದರೋ ಹದಿನೇಳು ಸಾವಿರಕ್ಕೂ ಕಡಮೆ, ಎಂದರೆ ಜನಸಂಖ್ಯೆಯಲ್ಲಿ ನೂರಕ್ಕೆ ಐದರಷ್ಟು. ಮುಂದೆ ‘ಜನರ ತೀರ್ಪು’ ಎಂಬ ಮಾತು ಬಂದಾಗಲೆಲ್ಲ ವಾಚಕರು ಈ ಮಿತಿಯನ್ನು ನೆನಪಿನಲ್ಲಿಡಬೇಕು.

ಈ ರಾಜ್ಯಾಂಗದ ಇನ್ನೊಂದು ಅಂಶವನ್ನೂ ಇಲ್ಲಿಯೇ ಗಮನಿಸಬೇಕು. ಸಂಸ್ಥಾನದ ಬಹುಪಾಲು ಅಧಿಕಾರಿಗಳನ್ನು ‘ನೇಮಕ ಮಂಡಲಿ’ಯೊಂದು ನೇಮಿಸುತ್ತಿತ್ತು. ಅದರಲ್ಲಿ ಮೇಲ್ಮನೆಯ ನಾಲ್ವರು ಸದಸ್ಯರಿದ್ದರು, ಗವರ್ನರನೇ ಅಧ್ಯಕ್ಷ. ಪ್ರತಿಯೊಂದು ಕೌಂಟಿಯ, ಎಂದರೆ ಜಿಲ್ಲೆಯ, ಷರೀಫನನ್ನೂ ಈ ಮಂಡಲಿಯೇ ವರ್ಷಕ್ಕೊಮ್ಮೆ ನೇಮಿಸಬೇಕು. ಮುಂಬಯಿಯ ವಾಚಕರು ಬಲ್ಲ ಷರೀಫ್ ಪದವಿ ಕೇವಲ ಗೌರವದ್ದು; ನ್ಯೂಯಾರ್ಕಿನ ಷರೀಫನು ಹಾಗಲ್ಲ. ನ್ಯಾಯಾಲಯದ ಆಜ್ಞೆಗಳನ್ನು ಜಾರಿ ಮಾಡುವುದು, ಸೆರೆಮನೆಯನ್ನು ನೋಡಿಕೊಳ್ಳುವುದು ಮೊದಲಾದ ಕಾರ್ಯಗಳ ಜೊತೆಗೆ ಮತಪೆಟ್ಟಿಗೆಯನ್ನು ಸಾಗಿಸುವ ಹೊಣೆಯೂ ಅವನದಾಗಿತ್ತು. ನಮ್ಮ ಕಥೆಯ ಗಂಟು ಇರುವುದು ಇಲ್ಲಿಯೇ.

೨

೧೭೭೭ರಿಂದ ನ್ಯೂಯಾರ್ಕಿನ ಗವರ್ನರನಾಗಿದ್ದವನು ಜಾರ್ಜ್ ಕ್ಲಿಂಟನ್. ಯುದ್ಧಕಾಲದಲ್ಲಿ ಸಂಸ್ಥಾನವನ್ನು ದೃಢವಾಗಿ ನಡೆಸಿ, ಸಣ್ಣ ಹಿಡುವಳಿದಾರರ ವಿಶ್ವಾಸವನ್ನು ಗಳಿಸಿ, ಹದಿನೈದು ವರ್ಷ ಎಡೆಬಿಡದೆ ಅಧಿಕಾರದಲ್ಲಿದ್ದವನು. ಹೊಸ ಒಕ್ಕೂಟ ರಾಜ್ಯಾಂಗವನ್ನು ಅವನು ವಿರೋಧಿಸಿದ್ದನು. ಅದನ್ನು ಸಮರ್ಥಿಸಿದ ಫೆಡರಲಿಸ್ಟರು ಅವನನ್ನು ಕೆಳಗಿಳಿಸಲು ೧೭೮೯ರಲ್ಲಿಯೇ ಪ್ರಯತ್ನಿಸಿದ್ದರು. ಆಗ ಅವನಿಗೆ ೬,೩೯೧ ಮತಗಳೂ ಅವನ ಎದುರಾಳಿ ರಾಬರ್ಟ್ ಯೇಟ್ಸನಿಗೆ ೫,೯೬೨ ಮತಗಳೂ ಬಂದು, ಕೇವಲ ೪೨೯ ಮತಗಳ ಅಂತರದಿಂದ ಕ್ಲಿಂಟನ್ ಉಳಿದುಕೊಂಡನು. ಆ ಹಳೆಯ ಕೋಟೆಯಲ್ಲಿ ಬಿರುಕು ಬಿಟ್ಟಿದೆಯೆಂಬುದು ಎಲ್ಲರಿಗೂ ತಿಳಿಯಿತು.

೧೭೯೨ರಲ್ಲಿ ಫೆಡರಲಿಸ್ಟರು ನಿಲ್ಲಿಸಿದ ಅಭ್ಯರ್ಥಿ ಸ್ವತಃ ಜಾನ್ ಜೇ. ಆ ವೇಳೆಗೆ ಅವನು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮೊದಲನೆಯ ಮುಖ್ಯ ನ್ಯಾಯಾಧೀಶ. ಆ ಪದವಿಯಲ್ಲಿದ್ದುಕೊಂಡೇ ಚುನಾವಣೆಗೆ ನಿಲ್ಲುವುದು ಇಂದು ನಮಗೆ ಅನುಚಿತವೆನಿಸಬಹುದು. ಅಂದಿನ ಅಮೆರಿಕದಲ್ಲಿ ಅದಕ್ಕೆ ತಡೆಯಿರಲಿಲ್ಲ. ಪ್ರಚಾರದಲ್ಲಿ ಎರಡು ಕಡೆಯವರಿಗೂ ಆಯುಧಗಳು ದೊರೆತವು. ಹಿಂದಿನ ವರ್ಷ, ೧೭೯೧ರಲ್ಲಿ, ಸಂಸ್ಥಾನದ ಉತ್ತರ ಭಾಗದ ಮೂವತ್ತಾರು ಲಕ್ಷ ಎಕರೆಗೂ ಮೀರಿದ ಕಾಡುನೆಲವನ್ನು ಅಲೆಗ್ಸಾಂಡರ್ ಮೆಕೂಂಬ್ ಎಂಬ ವರ್ತಕನಿಗೆ ಎಕರೆಗೆ ಎಂಟು ಪೆನ್ನಿಯಂತೆ ಮಾರಲಾಗಿತ್ತು. ಮಾರಿದ ಭೂಮಂಡಲಿಯಲ್ಲಿ ಕ್ಲಿಂಟನ್ನನೂ ಒಬ್ಬ ಸದಸ್ಯ. ಜೇಯ ಪಕ್ಷದವರು ಇದನ್ನು ಎತ್ತಿ ಆಡಿದರು. ಕ್ಲಿಂಟನ್ನನ ಪಕ್ಷದವರು ಗುಲಾಮರ ವಿಮೋಚನಾ ಸಂಘಕ್ಕೆ ಜೇ ಅಧ್ಯಕ್ಷನಾಗಿದ್ದುದನ್ನು ಹೇಳಿ, ಇವನು ಗೆದ್ದರೆ ನಿಮ್ಮ ಗುಲಾಮರನ್ನು ಕಸಿದುಕೊಳ್ಳುತ್ತಾನೆ ಎಂದು ಒಡೆಯರನ್ನು ಹೆದರಿಸಿದರು.

ಏಪ್ರಿಲ್ ತಿಂಗಳ ಕೊನೆಯಲ್ಲಿ ಮತದಾನವಾಯಿತು. ಆದರೆ ಫಲಿತಾಂಶ ಆಗ ತಿಳಿಯಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ. ಏಕೆಂದರೆ ಕಾನೂನು ಮತವನ್ನು ಊರಿನಲ್ಲಿಯೇ ಎಣಿಸಲು ಬಿಡುತ್ತಿರಲಿಲ್ಲ. ಪ್ರತಿಯೊಂದು ಊರಿನ ಚುನಾವಣಾ ತನಿಖೆದಾರರು ಚೀಟಿಗಳನ್ನು ಮುದ್ರೆ ಮಾಡಿ ಕೌಂಟಿಯ ಷರೀಫನಿಗೆ ಒಪ್ಪಿಸಬೇಕು. ಷರೀಫನು ಅವನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು, ತಾನಾಗಲಿ ತನ್ನ ಉಪಾಧಿಕಾರಿಯ ಮೂಲಕವಾಗಲಿ, ಸಂಸ್ಥಾನದ ಕಾರ್ಯದರ್ಶಿಯ ಕಚೇರಿಗೆ ತಲುಪಿಸಬೇಕು. ಶಾಸನಸಭೆಯ ಎರಡು ಮನೆಗಳ ಸದಸ್ಯರಿಂದ ಕೂಡಿದ ಜಂಟಿ ಸಮಿತಿಯೊಂದು ಪೆಟ್ಟಿಗೆಗಳನ್ನು ತೆರೆದು ಎಣಿಸಬೇಕು. ಆ ಸಮಿತಿಯ ತೀರ್ಮಾನವೇ ಅಂತಿಮ. ಎಣಿಕೆ ಮುಗಿದ ಮೇಲೆ ಚೀಟಿಗಳನ್ನು ನಾಶಪಡಿಸಬೇಕು. ಈ ಕೊನೆಯ ಎರಡು ನಿಯಮಗಳು ಒಂದರೊಡನೊಂದು ಸೇರಿದಾಗ ಏನಾಗುತ್ತದೆ ಎಂಬುದನ್ನು ಕಾನೂನು ಮಾಡಿದವರು ಊಹಿಸಿರಲಿಲ್ಲವೆಂದು ತೋರುತ್ತದೆ.

೩

ಸಮಿತಿಯು ಎಣಿಕೆಗೆ ಕುಳಿತಾಗ ಮೂರು ಕೌಂಟಿಗಳ ಪೆಟ್ಟಿಗೆಗಳ ವಿಷಯದಲ್ಲಿ ಆಕ್ಷೇಪವೆದ್ದಿತು: ಆಟ್ಸೆಗೋ, ಟಯೋಗ, ಮತ್ತು ಗವರ್ನರನ ಹೆಸರನ್ನೇ ಹೊತ್ತಿದ್ದ ಕ್ಲಿಂಟನ್. ಮೂರೂ ಗಡಿನಾಡುಗಳು. ಆಟ್ಸೆಗೋ ಮತ್ತು ಟಯೋಗ ಕೌಂಟಿಗಳು ರಚಿತವಾಗಿ ಒಂದು ವರ್ಷ ಮಾತ್ರವಾಗಿತ್ತು. ಆಡಳಿತದ ಕಟ್ಟುಪಾಡುಗಳು ಅಲ್ಲಿ ಇನ್ನೂ ಬೇರೂರಿರಲಿಲ್ಲ.

ಕ್ಲಿಂಟನ್ ಕೌಂಟಿಯ ಷರೀಫನು ಪೆಟ್ಟಿಗೆಯನ್ನು ಒಬ್ಬನ ಕೈಯಲ್ಲಿ ಕಳುಹಿಸಿದ್ದನು. ಆದರೆ ಅವನಿಗೆ ಲಿಖಿತ ಅಧಿಕಾರಪತ್ರವನ್ನು ಕೊಟ್ಟಿರಲಿಲ್ಲ. ಟಯೋಗದ ಪೆಟ್ಟಿಗೆಯನ್ನು ತರುತ್ತಿದ್ದ ವಿಶೇಷ ಉಪಾಧಿಕಾರಿ ದಾರಿಯಲ್ಲಿ ಕಾಯಿಲೆ ಬಿದ್ದುದರಿಂದ ಅದನ್ನು ಇನ್ನೊಬ್ಬನು ತಂದು ಒಪ್ಪಿಸಿದನು. ಈ ಎರಡು ಪೆಟ್ಟಿಗೆಗಳಿಂದ ಫಲಿತಾಂಶ ಬದಲಾಗುವ ಸಂಭವ ಹೆಚ್ಚಾಗಿರಲಿಲ್ಲ. ನಿಜವಾದ ವಿವಾದ ಆಟ್ಸೆಗೋವಿನದು.

ಸಸ್ಕ್ವೆಹಾನ ನದಿ ಹುಟ್ಟುವ ಸರೋವರದ ಸುತ್ತಣ ಆ ನೆಲದಲ್ಲಿ ವಿಲಿಯಂ ಕೂಪರ್ ಎಂಬ ಸಾಹಸಿ ಭೂವರ್ತಕನು ಒಕ್ಕಲುಗಳನ್ನು ತಂದು ನೆಲೆಸಿದ್ದನು. ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರನ ತಂದೆ ಇವನೇ. ಕೌಂಟಿಯ ಮುಖ್ಯ ನ್ಯಾಯಾಧೀಶನೂ ಇವನೇ. ಜೇಯ ಪಕ್ಷದ ಪ್ರಬಲ ಸಮರ್ಥಕನೂ ಇವನೇ. ಸಾಲಗಾರರನ್ನು ಹೆದರಿಸಿ ಮತ ಹಾಕಿಸಿದನೆಂಬ ಆರೋಪವೂ ಅವನ ಮೇಲೆ ಬಂದಿತು. ಅದು ಹೇಗೇ ಇರಲಿ, ಆಟ್ಸೆಗೋವಿನಲ್ಲಿ ಜೇಗೆ ನಾನೂರರಷ್ಟು ಮತಗಳ ಬಹುಮತ ಬಂದಿತ್ತೆಂಬುದು ಅಂದಿನ ಸಾಮಾನ್ಯ ನಂಬುಗೆ.

ಆ ಕೌಂಟಿಯ ಷರೀಫ್ ರಿಚರ್ಡ್ ಸ್ಮಿತ್. ಅವನ ಒಂದು ವರ್ಷದ ನೇಮಕದ ಅವಧಿ ಫೆಬ್ರವರಿಯಲ್ಲಿಯೇ ಮುಗಿದಿತ್ತು. ನೇಮಕ ಮಂಡಲಿಯು ಮಾರ್ಚ್ ಕೊನೆಯಲ್ಲಿ ಬೆಂಜಮಿನ್ ಗಿಲ್ಬರ್ಟ್ ಎಂಬವನನ್ನು ಅವನ ಸ್ಥಾನಕ್ಕೆ ನೇಮಿಸಿತು. ಆದರೆ ಗಿಲ್ಬರ್ಟನು ಪ್ರಮಾಣವಚನ ಸ್ವೀಕರಿಸಿ ಅಧಿಕಾರಕ್ಕೆ ಬರುವ ವೇಳೆಗೆ ಮೇ ತಿಂಗಳಾಗಿತ್ತು. ಈ ನಡುವೆ ಕೆಲಸ ನಿಲ್ಲುವಂತಿರಲಿಲ್ಲವಾದುದರಿಂದ ಸ್ಮಿತ್ತನೇ ಷರೀಫನ ಕಾರ್ಯಗಳನ್ನು ಮಾಡುತ್ತಿದ್ದನು. ಊರುಗಳ ಚೀಟಿಗಳನ್ನು ಸ್ವೀಕರಿಸಿ, ಮೇ ಮೊದಲಲ್ಲಿ ಪೆಟ್ಟಿಗೆಯನ್ನು ಕಳುಹಿಸಿದವನೂ ಅವನೇ. ಅಷ್ಟರಲ್ಲಿ ಅವನು ತನ್ನ ಊರಿನ ಮೇಲ್ವಿಚಾರಕ ಸ್ಥಾನಕ್ಕೂ ಆಯ್ಕೆಯಾಗಿದ್ದನು. ಹಾಗಾದರೆ ಪೆಟ್ಟಿಗೆಯನ್ನು ಕಳುಹಿಸಿದ ದಿನ ಆಟ್ಸೆಗೋವಿಗೆ ಷರೀಫನಿದ್ದನೆ, ಇಲ್ಲವೆ? ಇದ್ದರೆ ಅವನಾರು?

ಸಮಿತಿಯು ಒಕ್ಕೂಟದ ಮೇಲ್ಮನೆಯಲ್ಲಿ ನ್ಯೂಯಾರ್ಕಿನ ಪ್ರತಿನಿಧಿಗಳಾಗಿದ್ದ ಇಬ್ಬರು ಪ್ರಸಿದ್ಧ ನ್ಯಾಯವಾದಿಗಳ ಅಭಿಪ್ರಾಯವನ್ನು ಕೇಳಿತು. ಒಬ್ಬನು ಫೆಡರಲಿಸ್ಟನಾದ ರೂಫಸ್ ಕಿಂಗ್. ಇನ್ನೊಬ್ಬನು ಏರನ್ ಬರ್; ಮುಂದೆ ಉಪಾಧ್ಯಕ್ಷನಾಗಿ, ೧೮೦೪ರಲ್ಲಿ ದ್ವಂದ್ವಯುದ್ಧದಲ್ಲಿ ಅಲೆಗ್ಸಾಂಡರ್ ಹ್ಯಾಮಿಲ್ಟನ್ನನನ್ನು ಕೊಂದವನು. ಕಿಂಗನ ಅಭಿಪ್ರಾಯದ ತಿರುಳು ಇದು: ಚುನಾವಣೆ ಮತದಾರರ ಹಕ್ಕು, ಅದನ್ನು ನಡೆಸಿಕೊಡಲು ಮಾಡಿದ ನಿಯಮಗಳನ್ನು ಆ ಹಕ್ಕಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕು, ವಸ್ತುತಃ ಷರೀಫನ ಅಧಿಕಾರವನ್ನು ನಡೆಸುತ್ತಿದ್ದವನ ಕಾರ್ಯ ಇತರರ ಮಟ್ಟಿಗೆ ಸಿಂಧುವಾಗಲೇಬೇಕು, ಆದುದರಿಂದ ಮೂರು ಕೌಂಟಿಗಳ ಮತಗಳನ್ನೂ ಎಣಿಸತಕ್ಕದ್ದು. ಬರ್ ಇದಕ್ಕೆ ವಿರುದ್ಧವಾಗಿ, ಶಾಸನವು ಷರೀಫನೆಂದು ಹೇಳಿರುವಾಗ ಅವಧಿ ಮುಗಿದವನನ್ನು ಷರೀಫನೆಂದು ಎಣಿಸಲಾಗದೆಂದೂ, ಆಟ್ಸೆಗೋವಿನ ಮತಗಳು ಅಸಿಂಧುವೆಂದೂ ಅಭಿಪ್ರಾಯಪಟ್ಟನು. ಬಳಿಕ ಇತರ ನ್ಯಾಯವಾದಿಗಳಿಂದಲೂ ತನಗೆ ಅನುಕೂಲವಾದ ಅಭಿಪ್ರಾಯಗಳನ್ನು ಸಂಗ್ರಹಿಸಿದನು.

ಸಮಿತಿಯಲ್ಲಿ ಏಳು ಮಂದಿ ಮೂರು ಪೆಟ್ಟಿಗೆಗಳನ್ನೂ ತಿರಸ್ಕರಿಸಬೇಕೆಂದರು. ನಾಲ್ವರು ಭಿನ್ನಮತವನ್ನು ಸೂಚಿಸಿದರು. ಆ ಏಳು ಮಂದಿಯೂ ಕ್ಲಿಂಟನ್ನನ ಬೆಂಬಲಿಗರು. ೧೭೯೨ರ ಜೂನ್ ೧೨ರಂದು ಫಲಿತಾಂಶ ಪ್ರಕಟವಾಯಿತು: ಕ್ಲಿಂಟನ್ನನಿಗೆ ೮,೪೪೦, ಜೇಗೆ ೮,೩೩೨. ಅಂತರ ೧೦೮. ಮೂರು ಕೌಂಟಿಗಳ ಚೀಟಿಗಳನ್ನು ಎಣಿಸದೆಯೇ ಸುಟ್ಟುಹಾಕಲಾಯಿತು.

೪

ಬಹುಮತದವರ ವಾದವನ್ನು ಪಕ್ಷಪಾತವೆಂದು ತಳ್ಳಿಬಿಡುವುದು ಸುಲಭ. ಆದರೆ ಅದರಲ್ಲಿಯೂ ಒಂದು ಸತ್ತ್ವವಿದೆ ಎಂಬುದನ್ನು ಒಪ್ಪಬೇಕು. ಮತಪೆಟ್ಟಿಗೆಯನ್ನು ಇಂಥವನೇ ತರಬೇಕೆಂದು ಕಾನೂನು ಕಟ್ಟು ಮಾಡುವುದು ವೃಥಾ ಅಲ್ಲ. ನೂರಾರು ಮೈಲಿ ಕಾಡುದಾರಿಯಲ್ಲಿ ಯಾರು ಯಾರ ಕೈ ದಾಟಿ ಬಂದಿತೆಂದು ತಿಳಿಯದ ಪೆಟ್ಟಿಗೆಯೊಳಗಿನ ಚೀಟಿಗಳು ಮತದಾರರು ಹಾಕಿದವೇ ಎಂಬುದಕ್ಕೆ ಹೊಣೆ ಯಾರು? ಗುರುತಿಲ್ಲದ ಚೀಟಿಗೆ ಅದನ್ನು ಕಾಪಾಡಿದ ಕೈಯೊಂದೇ ಸಾಕ್ಷಿ. ಆ ಕೈಗೆ ಅಧಿಕಾರವಿರಬೇಕು, ಪ್ರಮಾಣವಚನದ ಕಟ್ಟಿರಬೇಕು, ತಪ್ಪಿದರೆ ಶಿಕ್ಷೆಯಿರಬೇಕು. ಇಂದು ಒಂದು ಸಡಿಲಿಕೆಗೆ ಎಡೆಗೊಟ್ಟರೆ ನಾಳೆ ಅದೇ ದಾರಿಯಲ್ಲಿ ಕಪಟವೂ ನುಗ್ಗಬಹುದು.

ಆದರೆ ಈ ವಾದ ಎಷ್ಟು ದೂರ ಸಲ್ಲುತ್ತದೆ? ಆಟ್ಸೆಗೋವಿನ ಪೆಟ್ಟಿಗೆಯನ್ನು ದಾರಿಯಲ್ಲಿ ಯಾರೋ ತೆರೆದು ಚೀಟಿಗಳನ್ನು ಬದಲಿಸಿದರೆಂಬ ಕಾರಣದಿಂದ ಅದನ್ನು ತಿರಸ್ಕರಿಸಲಿಲ್ಲ. ಸಮಿತಿಯು ಹಿಡಿದುದು ಅದನ್ನು ಕಳುಹಿಸಿದವನ ಪದವಿಯ ಲೋಪವನ್ನು. ಆ ಲೋಪವೂ ಮತದಾರರಿಂದ ಆದುದಲ್ಲ. ಹಳೆಯ ಷರೀಫನ ಅವಧಿ ಮುಗಿಯುವ ಮುನ್ನವೇ ಹೊಸಬನನ್ನು ನೇಮಿಸುವ ಹೊಣೆ ನೇಮಕ ಮಂಡಲಿಯದು. ಆ ಮಂಡಲಿಯ ಅಧ್ಯಕ್ಷನು ಗವರ್ನರನು. ಆ ಗವರ್ನರನೇ ಚುನಾವಣೆಯ ಒಬ್ಬ ಅಭ್ಯರ್ಥಿ. ಅವನು ಬೇಕೆಂದೇ ತಡಮಾಡಿದನೆಂದು ಹೇಳಲು ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಸರಕಾರದ ಅಲಕ್ಷ್ಯದಿಂದ ಆದ ಲೋಪದ ಲಾಭ ಸರಕಾರದ ಮುಖ್ಯಸ್ಥನಿಗೂ, ನಷ್ಟ ಮತದಾರನಿಗೂ ಹೋಯಿತೆಂಬುದೇ ಸಾಕು. ಕಾಡನ್ನು ಕಡಿದು ನೆಲವನ್ನು ಹಸನು ಮಾಡಿ ಮೊದಲ ಬಾರಿಗೆ ಮತ ಹಾಕಲು ಬಂದ ಒಕ್ಕಲಿಗನು ಷರೀಫನ ನೇಮಕಪತ್ರದ ತಾರೀಖನ್ನು ಪರೀಕ್ಷಿಸಿ ಚೀಟಿ ಹಾಕಬೇಕಾಗಿತ್ತೆ?

ಇಲ್ಲಿ ಬರನ ವಾದಕ್ಕೂ ಕಿಂಗನ ವಾದಕ್ಕೂ ಇರುವ ಮೂಲಭೇದವನ್ನು ಹೀಗೆ ಹೇಳಬಹುದು. ಚುನಾವಣೆಯ ವಿಧಿಗಳು ಮತವನ್ನು ಕಾಪಾಡುವ ಬೇಲಿ ಎನ್ನುವುದು ಒಂದು ದೃಷ್ಟಿ. ಆ ಬೇಲಿಯನ್ನು ಯಥಾವತ್ತಾಗಿ ದಾಟಿ ಬಂದುದಷ್ಟೇ ಮತ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಬೇಲಿ ಕೆಟ್ಟಿದ್ದರೆ ಒಳಗಿನ ಬೆಳೆ ನಿಜವಾಗಿ ಹಾಳಾಗಿದೆಯೇ ಎಂದು ವಿಚಾರಿಸುತ್ತೇವೆ. ಎರಡನೆಯದರಲ್ಲಿ ಬೇಲಿ ಕೆಟ್ಟಿತೆಂದು ಬೆಳೆಯನ್ನೇ ಸುಟ್ಟುಬಿಡುತ್ತೇವೆ. ನ್ಯೂಯಾರ್ಕಿನಲ್ಲಿ ನಡೆದುದು ಅಕ್ಷರಶಃ ಎರಡನೆಯದು.

೫

ಸುದ್ದಿ ಹರಡುತ್ತಲೇ ಸಂಸ್ಥಾನದಲ್ಲಿ ಕೋಲಾಹಲವೆದ್ದಿತು. ಸಭೆಗಳು ಸೇರಿದವು, ಖಂಡನೆಯ ನಿರ್ಣಯಗಳಾದವು. ಕೆಲವರು ವಿಶೇಷ ಸಮ್ಮೇಳನವನ್ನು ಕರೆದು ಸಮಿತಿಯ ತೀರ್ಮಾನವನ್ನು ರದ್ದುಪಡಿಸಬೇಕೆಂದರು. ಕಾನೂನಿನಂತೆ ಸಮಿತಿಯ ಮಾತೇ ಅಂತಿಮವಾದುದರಿಂದ ಮೇಲೆ ದೂರು ಹೇಳುವ ಸ್ಥಾನವೇ ಇರಲಿಲ್ಲ. ಚೀಟಿಗಳು ಬೂದಿಯಾಗಿದ್ದುದರಿಂದ ಮತ್ತೆ ಎಣಿಸುವ ಮಾತೂ ಇರಲಿಲ್ಲ. ಯುದ್ಧ ಮುಗಿದು ಇನ್ನೂ ಹತ್ತು ವರ್ಷ ತುಂಬದಿದ್ದ ನಾಡಿನಲ್ಲಿ, ಅನ್ಯಾಯವಾದರೆ ಆಯುಧ ಹಿಡಿಯುವುದನ್ನು ಕಲಿತಿದ್ದ ಜನರ ನಡುವೆ, ಇದು ಅಪಾಯದ ಗಳಿಗೆ.

ಜೇ ಆಗ ಸಂಚಾರಿ ನ್ಯಾಯಾಲಯದ ಕಾರ್ಯಕ್ಕಾಗಿ ಪ್ರವಾಸದಲ್ಲಿದ್ದನು. ಸುದ್ದಿ ತಿಳಿದ ಮೇಲೆ ಹೆಂಡತಿ ಸಾರಾಳಿಗೆ ಬರೆದ ಪತ್ರದಲ್ಲಿ, ಕೆಲವು ವರ್ಷಗಳಲ್ಲಿ ನಾವೆಲ್ಲರೂ ಮಣ್ಣಾಗುವವರೇ, ಆಗ ಸಂಸ್ಥಾನವನ್ನು ಆಳಿದೆನೆಂಬುದಕ್ಕಿಂತ ತನ್ನನ್ನು ತಾನು ಆಳಿಕೊಂಡೆನೆಂಬುದೇ ತನಗೆ ಹೆಚ್ಚಿನದಾಗುವುದು ಎಂಬ ಭಾವವನ್ನು ತೋಡಿಕೊಂಡನು. ಹಿಂದಿರುಗುವ ದಾರಿಯುದ್ದಕ್ಕೂ ಬೆಂಬಲಿಗರು ಅವನನ್ನು ಜನರು ಆರಿಸಿದ ಗವರ್ನರನೆಂದೇ ಸ್ವಾಗತಿಸಿದರು. ಅವನು ಅವರ ಅಭಿಮಾನಕ್ಕೆ ವಂದನೆ ಹೇಳಿದನೇ ಹೊರತು ಅವರ ಕೋಪಕ್ಕೆ ಗಾಳಿ ಹಾಕಲಿಲ್ಲ. ಶಾಂತಿಯಿಂದಲೂ ರಾಜ್ಯಾಂಗದ ಮಾರ್ಗದಿಂದಲೂ ನಡೆಯಬೇಕೆಂದು ಹೇಳಿದನು. ಅವನ ಪಕ್ಷದ ಮುಖಂಡ ಹ್ಯಾಮಿಲ್ಟನ್ನನೂ ಸಮ್ಮೇಳನದ ಯೋಚನೆಯನ್ನು ಒಪ್ಪಲಿಲ್ಲ. ಶಾಸನಸಭೆಯ ಕೆಳಮನೆಯು ವಿಚಾರಣೆ ನಡೆಸಿ, ೧೭೯೩ರ ಜನವರಿಯಲ್ಲಿ, ಎಣಿಕೆಯ ಸಮಿತಿಯವರು ದುರ್ವರ್ತನೆಯ ದೋಷಿಗಳಲ್ಲವೆಂದು ತೀರ್ಮಾನಿಸಿತು. ಕ್ಲಿಂಟನ್ನನು ತನ್ನ ಮೂರು ವರ್ಷಗಳನ್ನು ಪೂರೈಸಿದನು.

ಆದರೆ ಮತದಾರರು ಮರೆಯಲಿಲ್ಲ. ೧೭೯೫ರಲ್ಲಿ ಕ್ಲಿಂಟನ್ ಮತ್ತೆ ನಿಲ್ಲಲಿಲ್ಲ. ಜೇ ಆಗ ಒಪ್ಪಂದದ ಮಾತುಕತೆಗಾಗಿ ಇಂಗ್ಲೆಂಡಿಗೆ ಹೋಗಿದ್ದನು. ಅವನು ಊರಿನಲ್ಲಿಲ್ಲದಿದ್ದರೂ ೧೩,೪೮೧ ಮತಗಳು ಅವನಿಗೆ ಬಂದವು. ಎದುರಾಳಿ ಯೇಟ್ಸನಿಗೆ ೧೧,೮೯೨. ಮುಖ್ಯ ನ್ಯಾಯಾಧೀಶನ ಪದವಿಯನ್ನು ಬಿಟ್ಟು ಬಂದು ಜೇ ಗವರ್ನರನಾದನು. ೧೭೯೮ರಲ್ಲಿ ಪುನಃ ಆಯ್ಕೆಯಾದನು. ಯಾವ ವಿಷಯವನ್ನು ಮುಂದೊಡ್ಡಿ ಅವನ ಎದುರಾಳಿಗಳು ೧೭೯೨ರಲ್ಲಿ ಒಡೆಯರನ್ನು ಹೆದರಿಸಿದ್ದರೋ ಆ ವಿಷಯದಲ್ಲಿಯೇ, ೧೭೯೯ರಲ್ಲಿ, ಗುಲಾಮಗಿರಿಯನ್ನು ಕ್ರಮಕ್ರಮವಾಗಿ ತೊಲಗಿಸುವ ಶಾಸನಕ್ಕೆ ಅವನೇ ಸಹಿ ಹಾಕಿದನು.

ಈ ಕಥೆಯ ಅತ್ಯಂತ ಅರ್ಥಪೂರ್ಣವಾದ ಅಧ್ಯಾಯ ಮುಂದಿನ ವರ್ಷ ಬಂದಿತು. ಆಗ ನ್ಯೂಯಾರ್ಕಿನಲ್ಲಿ ರಾಷ್ಟ್ರಾಧ್ಯಕ್ಷನನ್ನು ಆರಿಸುವ ನಿರ್ವಾಚಕರನ್ನು ಶಾಸನಸಭೆಯೇ ಆಯ್ದು ಕಳುಹಿಸುತ್ತಿತ್ತು. ೧೮೦೦ರ ವಸಂತದ ಚುನಾವಣೆಯಲ್ಲಿ ಬರನ ಚಾತುರ್ಯದಿಂದ ಜೆಫರ್ಸನ್ನನ ಪಕ್ಷ ಗೆದ್ದಿತು. ಬರಲಿದ್ದ ಶಾಸನಸಭೆ ಆ ಪಕ್ಷದ ಕೈಗೆ ಹೋಯಿತು. ಆದರೆ ಸೋತ ಹಳೆಯ ಸಭೆಯ ಅವಧಿ ಇನ್ನೂ ಕೆಲವು ವಾರಗಳಿತ್ತು. ಮೇ ೭ರಂದು ಹ್ಯಾಮಿಲ್ಟನ್ನನು ಗವರ್ನರ್ ಜೇಗೆ ಪತ್ರ ಬರೆದು, ಹಳೆಯ ಸಭೆಯನ್ನೇ ಕೂಡಲೆ ಕರೆದು, ನಿರ್ವಾಚಕರನ್ನು ಜಿಲ್ಲಾವಾರು ಜನರಿಂದ ಆರಿಸುವಂತೆ ಕಾನೂನನ್ನು ಬದಲಿಸಬೇಕೆಂದು ಒತ್ತಾಯಪಡಿಸಿದನು. ಹಾಗೆ ಮಾಡಿದ್ದರೆ ಸಂಸ್ಥಾನದ ಹನ್ನೆರಡು ಮತಗಳು ಒಡೆದು ಹಂಚಿಹೋಗುತ್ತಿದ್ದವು. ಜೆಫರ್ಸನ್ನನಿಗೆ ಕೊನೆಗೆ ಬಂದುದು ೭೩, ಆಡಮ್ಸನಿಗೆ ೬೫ ಎಂಬುದನ್ನು ನೆನೆದರೆ ಆ ಹನ್ನೆರಡರ ಬೆಲೆ ತಿಳಿಯುತ್ತದೆ. ಸಭೆಯನ್ನು ಕರೆಯುವ ಅಧಿಕಾರ ಜೇಗೆ ಇತ್ತು. ಕಾನೂನಿನ ಅಕ್ಷರ ಅವನ ಕಡೆಗಿತ್ತು. ಆದರೂ ಜೇ ಅದನ್ನು ಕರೆಯಲಿಲ್ಲ. ಪಕ್ಷದ ಪ್ರಯೋಜನಕ್ಕಾಗಿ ಸೂಚಿಸಿದ ಈ ಕ್ರಮವನ್ನು ಕೈಗೊಳ್ಳುವುದು ತನಗೆ ತಕ್ಕದ್ದಲ್ಲವೆಂಬ ಅರ್ಥದ ಒಂದು ಸಾಲನ್ನು ಆ ಪತ್ರದ ಮೇಲೆಯೇ ಬರೆದಿಟ್ಟನು. ಎಂಟು ವರ್ಷಗಳ ಹಿಂದೆ ಕಾನೂನಿನ ಅಕ್ಷರದಿಂದ ಸೋತವನು, ಈಗ ಅದೇ ಅಕ್ಷರವನ್ನು ಜನರ ತೀರ್ಪಿನ ವಿರುದ್ಧ ತಾನು ಬಳಸಲು ಒಪ್ಪಲಿಲ್ಲ.

೬

ವ್ಯಕ್ತಿಯ ಸಂಯಮ ದೊಡ್ಡದು. ಆದರೆ ಅದನ್ನೇ ನಂಬಿ ಜನತಂತ್ರವನ್ನು ನಡೆಸಲಾಗದು. ಪ್ರತಿಯೊಂದು ಚುನಾವಣೆಯಲ್ಲಿಯೂ ಸೋತವನು ಜೇಯಂಥವನೇ ಆಗಿರುತ್ತಾನೆಂಬ ಭರವಸೆ ಯಾರಿಗಿದೆ? ೧೭೯೨ರ ಪ್ರಕರಣದಲ್ಲಿ ಕಾನೂನಿನ ಕೊರತೆಗಳು ಮೂರು. ಎಣಿಸುವವರು ಪಕ್ಷಗಳಿಗೆ ಸೇರಿದ ಶಾಸಕರು. ಅವರ ತೀರ್ಪಿನ ಮೇಲೆ ವಿಚಾರಣೆಯಿಲ್ಲ. ವಿಚಾರಣೆ ಮಾಡಬೇಕೆಂದರೂ ಸಾಕ್ಷ್ಯವಾದ ಚೀಟಿಗಳೇ ಉಳಿಯುವುದಿಲ್ಲ.

ನಮ್ಮ ೧೯೫೧ರ ಜನಪ್ರಾತಿನಿಧ್ಯ ಶಾಸನವನ್ನು ಈ ಹಿನ್ನೆಲೆಯಲ್ಲಿ ಓದಿದಾಗ ಅದರ ಒಣ ಕಲಮುಗಳಿಗೆ ಜೀವ ಬರುತ್ತದೆ. ಮತಪೆಟ್ಟಿಗೆ ನಾಶವಾದರೆ ಅಥವಾ ಕಳೆದುಹೋದರೆ ಪುನಃ ಮತದಾನ ನಡೆಸಲು ಅದರ ೫೮ನೆಯ ಕಲಮು ಅವಕಾಶ ಕೊಡುತ್ತದೆ. ವಿಧಿನಿಯಮಗಳ ಪಾಲನೆಯಲ್ಲಿ ಲೋಪವಾಯಿತೆಂದು ಚುನಾವಣೆಯನ್ನು ಅಸಿಂಧುವೆನ್ನಬೇಕಾದರೆ, ಆ ಲೋಪದಿಂದ ಫಲಿತಾಂಶಕ್ಕೆ ವಾಸ್ತವವಾಗಿ ಬಾಧೆ ತಗಲಿತೆಂದು ಸಿದ್ಧವಾಗಬೇಕೆಂದು ೧೦೦ನೆಯ ಕಲಮು ಹೇಳುತ್ತದೆ. ಚುನಾವಣೆಯ ತಕರಾರನ್ನು ಉಚ್ಚ ನ್ಯಾಯಾಲಯದ ಮುಂದೆ ಒಯ್ಯಬಹುದು. ಇವನ್ನು ನ್ಯೂಯಾರ್ಕಿನ ಪ್ರಕರಣದಿಂದ ನಮ್ಮವರು ಕಲಿತರೆಂದು ನಾನು ಹೇಳುತ್ತಿಲ್ಲ. ಆ ಪ್ರಕರಣದಲ್ಲಿ ಕಿಂಗನು ಎತ್ತಿ ಹಿಡಿದ ತತ್ತ್ವವೂ ಈ ಕಲಮುಗಳ ಹಿಂದಿರುವ ತತ್ತ್ವವೂ ಒಂದೇ: ವಿಧಿ ಇರುವುದು ಮತಕ್ಕಾಗಿ, ಮತ ಇರುವುದು ವಿಧಿಗಾಗಿ ಅಲ್ಲ.

ಆಟ್ಸೆಗೋವಿನ ಒಕ್ಕಲಿಗರು ೧೭೯೨ರಲ್ಲಿ ಯಾರಿಗೆ ಎಷ್ಟು ಮತ ಕೊಟ್ಟರೆಂಬುದನ್ನು ಇಂದು ಯಾವ ಇತಿಹಾಸಕಾರನೂ ಖಚಿತವಾಗಿ ಹೇಳಲಾರನು. ಜೇಗೆ ನಾನೂರರ ಬಹುಮತವಿತ್ತೆಂಬುದು ನಂಬುಗೆಯಾಗಿಯೇ ಉಳಿಯಿತು. ನೂರೆಂಟರ ಅಂತರ ಮಾತ್ರ ದಾಖಲೆಯಾಯಿತು. ಎಣಿಸದೆ ಸುಟ್ಟ ಮತದಿಂದಾಗುವ ನಷ್ಟ ಸೋತವನಿಗೆ ಮಾತ್ರ ಸೀಮಿತವಲ್ಲ. ಕ್ಲಿಂಟನ್ನನು ನ್ಯಾಯವಾಗಿಯೇ ಗೆದ್ದಿದ್ದರೂ ಅದನ್ನು ಲೋಕಕ್ಕೆ ತೋರಿಸಿಕೊಡುವ ಸಾಧನ ಅವನಿಗೆ ಉಳಿಯಲಿಲ್ಲ.